ಅಸೈಲಂ ಕೇಸಿಗೆ ಊರಿನಿಂದ ಏನು ಕಳಿಸಬೇಕು, ಏನು ಕಳಿಸಬಾರದು

"ಮಗನ ವೀಸಾ ಮುಗೀತಾ ಬಂತು ಮೇಡಂ, ಅಸೈಲಂ ಹಾಕಿದ್ರೆ ಅಲ್ಲೇ ನಿಲ್ಲಬಹುದಂತೆ, ಇಲ್ಲಿಂದ ಒಂದು ಅಫಿಡವಿಟ್ ಬೇಕಂತೆ." ಮಂಗಳೂರಿನಲ್ಲಿ ವಕೀಲಿ ಮಾಡುವ ನನಗೆ ಈ ಮಾತು ಆಗಾಗ ಕೇಳಿಸುತ್ತದೆ. ಅಸೈಲಂ ಎಂದರೆ ತನ್ನ ದೇಶದಲ್ಲಿ ಕಿರುಕುಳದ ಭಯ ಇರುವವರಿಗೆ ಬೇರೆ ದೇಶ ಕೊಡುವ ಆಶ್ರಯ. ಅಮೆರಿಕ, ಕೆನಡಾ, ಇಂಗ್ಲೆಂಡಿನಲ್ಲಿ ಕೇಸು ನಡೆಸುವವರು ಅಲ್ಲಿಯ ಇಮಿಗ್ರೇಷನ್ ಲಾಯರುಗಳು. ಊರಿನ ಕಾಗದಪತ್ರ ಹುಡುಕಿ, ಸರಿಯಾಗಿ ಅನುವಾದ ಮಾಡಿಸಿ ಅವರಿಗೆ ಮುಟ್ಟಿಸುವುದು ನನ್ನ ಕೆಲಸ. ನಿಜವಾದ, ಗಟ್ಟಿ ಕೇಸು ಕೂಡ ಮನೆಯವರು ಅವಸರದಲ್ಲಿ ಕಳಿಸಿದ ಕಾಗದದಿಂದ ಹಾಳಾಗುವುದುಂಟು. ಅದಕ್ಕೇ ಇದನ್ನು ಮನೆಯವರಿಗಾಗಿ ಬರೆಯುತ್ತಿದ್ದೇನೆ.

ಅಸೈಲಂ ಯಾರಿಗೆ ಎನ್ನುವುದು ಮೊದಲು ಗೊತ್ತಿರಲಿ. 1951ರ ನಿರಾಶ್ರಿತರ ಒಪ್ಪಂದ ಮತ್ತು 1967ರ ಪ್ರೋಟೋಕಾಲ್ ಇದಕ್ಕೆಲ್ಲ ಬುಡ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಇಲ್ಲವೇ ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿದವರು ಎನ್ನುವುದು, ಈ ಐದರಲ್ಲಿ ಒಂದು ಕಾರಣಕ್ಕೆ ತನ್ನ ದೇಶದಲ್ಲಿ ಕಿರುಕುಳ ಆಗುತ್ತದೆ ಎಂಬ ಭಯ ಇರಬೇಕು, ಆ ಭಯಕ್ಕೆ ಆಧಾರವೂ ಇರಬೇಕು. ತನ್ನ ದೇಶದ ಸರ್ಕಾರ ಕಾಪಾಡುವುದಿಲ್ಲ, ಅಥವಾ ಅದರ ಕೈಲಿ ಆಗುವುದಿಲ್ಲ ಎನ್ನುವುದನ್ನೂ ತೋರಿಸಬೇಕು. ಜಾಗದ ತಕರಾರು, ಬಡ್ಡಿ ಸಾಲ, ಕೆಲಸ ಸಿಗದ್ದು ದೊಡ್ಡ ಕಷ್ಟಗಳೇ. ಆದರೆ ಬರೀ ಅಷ್ಟಕ್ಕೆ ಅಸೈಲಂ ಇಲ್ಲ. ಗಲ್ಫಿನಿಂದ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್ ಯಾವುದೂ ಈ ಒಪ್ಪಂದಕ್ಕೆ ಸೇರಿಲ್ಲ. ಭಾರತವೂ ಸೇರಿಲ್ಲ.

ನಮ್ಮ ಕರಾವಳಿಯಿಂದ ನಿಜವಾದ ಕೇಸುಗಳೂ ಇವೆ. ಬೇರೆ ಬೇರೆ ಧರ್ಮದ ಜೋಡಿ, ಮನೆಯವರಿಂದಲೇ ಪೆಟ್ಟು ತಿಂದ ಸಲಿಂಗಿ ಹುಡುಗ, ಬರೆದದ್ದಕ್ಕೆ ಬೆದರಿಕೆ ಬಂದವರು. ಇಂಥವರಿಗೆ ಅಲ್ಲಿನ ಅಧಿಕಾರಿ ತಪ್ಪದೆ ಹಾಕುವ ಪ್ರಶ್ನೆ ಒಂದಿದೆ: "ಬೆಂಗಳೂರಿಗೋ ಮುಂಬೈಗೋ ಹೋಗಿ ಇರಬಹುದಿತ್ತಲ್ಲ?" ಭಾರತ ದೊಡ್ಡ ದೇಶ, ಒಂದು ಊರಿನಲ್ಲಿ ಭಯ ಇದ್ದರೆ ಇನ್ನೊಂದರಲ್ಲಿ ಬದುಕಬಹುದು ಎಂಬ ಲೆಕ್ಕ ಅದು. ಕಿರುಕುಳ ಕೊಟ್ಟವರು ಸರ್ಕಾರದವರಲ್ಲದೆ ಮನೆಯವರೋ ಯಾವುದೋ ಗುಂಪೋ ಆಗಿದ್ದರೆ ಈ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. ನನ್ನ ಅಂದಾಜಿನಲ್ಲಿ ಭಾರತೀಯರ ಕೇಸುಗಳು ಜಾಸ್ತಿ ಎಡವುವುದು ಇಲ್ಲಿಯೇ. ಜೊತೆಗೆ 2025ರ ಏಪ್ರಿಲ್‌ನಲ್ಲಿ ಯುರೋಪಿಯನ್ ಕಮಿಷನ್ ಸುರಕ್ಷಿತ ದೇಶಗಳ, ಅಂದರೆ ಅಲ್ಲಿಯವರಿಗೆ ಸಾಮಾನ್ಯವಾಗಿ ಅಸೈಲಂ ಬೇಕಾಗದು ಎನ್ನುವ ದೇಶಗಳ, ಒಂದು ಪಟ್ಟಿ ಪ್ರಸ್ತಾಪಿಸಿತು, ಅದರಲ್ಲಿ ಭಾರತದ ಹೆಸರಿತ್ತು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಅರ್ಥವಾಯಿತಲ್ವಾ?

ಹಾಗಾಗಿ ಮಂಗಳೂರಿನಲ್ಲಿ ಏನಾಯಿತು ಎನ್ನುವುದರಷ್ಟೇ ಮುಖ್ಯ, ಮಂಗಳೂರು ಬಿಟ್ಟ ಮೇಲೆ ಏನಾಯಿತು ಎನ್ನುವುದು. ಜೋಡಿ ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿದ್ದರೆ ಆ ಕರಾರು ಪತ್ರ ಹುಡುಕಿ. ಅಲ್ಲಿಗೂ ಯಾರೋ ಹುಡುಕಿಕೊಂಡು ಬಂದಿದ್ದರೆ ಮನೆ ಮಾಲೀಕರಿಗೆ ಗೊತ್ತಿರುತ್ತದೆ, ಕೇಳಿ. ಫೋನಿಗೆ ಬಂದ ಬೆದರಿಕೆಗಳಿದ್ದರೆ ನಂಬರ್, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ, ಆ ಹಳೇ ಫೋನನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ.

ಇನ್ನು ಪೊಲೀಸ್ ಕಾಗದಗಳು. "ಎಫ್‌ಐಆರ್ ಆಗಿಲ್ಲ, ಹಾಗಾಗಿ ನಮ್ಮ ಹತ್ತಿರ ಏನೂ ಇಲ್ಲ" ಎಂದು ಕೈಚೆಲ್ಲಿ ಕೂರುವವರೇ ಹೆಚ್ಚು. ನಾನು ಆಗ ಕೇಳುತ್ತೇನೆ: ದೂರು ಕೊಟ್ಟಾಗ ಸ್ವೀಕೃತಿ ಕೊಟ್ಟರಾ? ಹಿಂಬರಹ, ಅಂದರೆ ದೂರಿಗೆ ಠಾಣೆಯವರು ಬರೆದುಕೊಡುವ ಉತ್ತರ, ಕೊಟ್ಟರಾ? ಇಬ್ಬರನ್ನೂ ಕೂರಿಸಿ ಮುಚ್ಚಳಿಕೆ ಬರೆಸಿಕೊಂಡರಾ? ಒಬ್ಬರು ಅಕ್ಕ ಪೆಟ್ಟಿಗೆಯ ತಳದಿಂದ ಒಂದು ಹಿಂಬರಹ ತಂದು ಕೊಟ್ಟರು. ಮಡಚಿದ ಕಡೆ ಹರಿದಿತ್ತು, ಠಾಣೆಯ ಸೀಲು ಅರ್ಧ ಮಾಸಿತ್ತು. "ಇದು ಕುಟುಂಬದ ವಿಷಯವಾದ್ದರಿಂದ ಹಿರಿಯರ ಸಮ್ಮುಖ ಬಗೆಹರಿಸಿಕೊಳ್ಳಲು ತಿಳಿಸಲಾಗಿದೆ" ಎಂದು ಅದರಲ್ಲಿ ಬರೆದಿತ್ತು. ಅವರ ಮಟ್ಟಿಗೆ ಅದು ಬೇಡದ ಕಾಗದ. ಅಲ್ಲಿಯ ಲಾಯರಿಗೆ ಅದು ಇಡೀ ಫೈಲಿನಲ್ಲೇ ಬೆಲೆಬಾಳುವ ಹಾಳೆ, ಯಾಕೆಂದರೆ ರಕ್ಷಣೆ ಕೇಳಿದ್ದು, ಸಿಗದೇ ಇದ್ದದ್ದು ಎರಡೂ ಪೊಲೀಸರ ಬರಹದಲ್ಲೇ ಇತ್ತು. ಪೆಟ್ಟಾಗಿ ಆಸ್ಪತ್ರೆಗೆ ಹೋಗಿದ್ದರೆ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ), ಡಿಸ್ಚಾರ್ಜ್ ಸಮ್ಮರಿ, ಕೊನೆಗೆ ಹೊರರೋಗಿ ಚೀಟಿಯಾದರೂ ಸರಿ. ಎಫ್‌ಐಆರ್ ಆಗಿದ್ದರೆ ದೂರುದಾರರಿಗೆ ಒಂದು ಪ್ರತಿ ಉಚಿತವಾಗಿ ಕೊಡಲೇಬೇಕು, ಅದು ಕಾನೂನು.

ಸುಳ್ಳು ಎಫ್‌ಐಆರ್ ಮಾಡಿಸಿಕೊಡುವ ಏಜೆಂಟರಿದ್ದಾರೆ. ದಯವಿಟ್ಟು ಅವರ ಬಾಗಿಲು ತುಳಿಯಬೇಡಿ. 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದ ಮೇಲೆ, ಸೂಕ್ಷ್ಮ ಪ್ರಕರಣ ಬಿಟ್ಟರೆ, ಎಫ್‌ಐಆರ್‌ಗಳು ಪೊಲೀಸ್ ವೆಬ್‌ಸೈಟಿಗೆ ಬರಬೇಕು. ನಂಬರ್ ಹಾಕಿ ಹುಡುಕಿದರೆ ನಿಜವೋ ಸುಳ್ಳೋ ಗೊತ್ತಾಗಬಹುದು. ಬೇಕೆಂದೇ ಸುಳ್ಳು ಕಟ್ಟಿ ಅರ್ಜಿ ಹಾಕಿದ್ದಾರೆ ಎಂದು ಅಮೆರಿಕದಲ್ಲಿ ತೀರ್ಮಾನವಾದರೆ ಅಲ್ಲಿಯ ಇಮಿಗ್ರೇಷನ್ ಸವಲತ್ತುಗಳಿಗೆ ಶಾಶ್ವತ ತಡೆ ಬೀಳುತ್ತದೆ. ನಾಳೆ ಅಲ್ಲಿಯದೇ ಪ್ರಜೆಯನ್ನು ಮದುವೆಯಾದರೂ ಗ್ರೀನ್ ಕಾರ್ಡ್ ದಾರಿ ಮುಚ್ಚಿರುತ್ತದೆ.

ಅಫಿಡವಿಟ್ ವಿಷಯ ಇನ್ನೊಂದು ತಲೆನೋವು. ಅಣ್ಣನೊಬ್ಬ ಮೂರು ಅಫಿಡವಿಟ್ ಹಿಡಿದು ಬಂದಿದ್ದ. ತಾಯಿಯದ್ದು, ಪಕ್ಕದ ಮನೆಯವರದ್ದು, ಗೆಳೆಯನದ್ದು. ಒಂದೇ ದಿನ ತೆಗೆದ ಸ್ಟಾಂಪ್ ಪೇಪರ್, ಒಂದೇ ಒಕ್ಕಣೆ, ಮೂರರಲ್ಲೂ ತಮ್ಮನ ಹೆಸರಿನ ಸ್ಪೆಲ್ಲಿಂಗ್ ಒಂದೇ ರೀತಿ ತಪ್ಪು. ಶಾಲೆಯನ್ನೇ ಮುಗಿಸದ ತಾಯಿ "ನಿರಂತರ ಮಾನಸಿಕ ಹಿಂಸೆಗೆ ಒಳಪಟ್ಟು" ಎಂದು ಹೇಳಿರುತ್ತಾರಾ? ಇದನ್ನು ಓದುವ ಅಧಿಕಾರಿಗೆ ಮೂವರೂ ನಂಬಿಕೆಗೆ ಅರ್ಹರಲ್ಲ ಅನಿಸುತ್ತದೆ, ಜೊತೆಗೆ ಅರ್ಜಿದಾರನ ಮೇಲೂ ಅನುಮಾನ ಬರುತ್ತದೆ. ನಾನು ಆ ತಾಯಿಯನ್ನು ಕರೆಸಿ, ಅವರು ಕಣ್ಣಾರೆ ಕಂಡದ್ದನ್ನು ಮಾತ್ರ, ಅವರು ಹೇಳಿದ ಹಾಗೆಯೇ ಕನ್ನಡದಲ್ಲಿ ಬರೆಸಿದೆ. ಒಂದೂವರೆ ಪುಟ ಆಯಿತು. ಬಾಗಿಲು ಬಡಿದವರು ಎಷ್ಟು ಜನ, ತಾನು ಒಳಗಿನಿಂದ ಚಿಲಕ ಹಾಕಿದ್ದು, ಮಗ ಹಿಂದಿನ ತೋಟದ ದಾರಿಯಿಂದ ಓಡಿದ್ದು. ಕೇಳಿದ್ದನ್ನು ಕಂಡೆ ಎಂದು ಹೇಳಿಸಬಾರದು. ಅನುವಾದದ ಕೆಳಗೆ, ಅನುವಾದ ಮಾಡಿದವರು ತಮಗೆ ಎರಡೂ ಭಾಷೆ ಬರುತ್ತದೆ, ಅನುವಾದ ಪೂರ್ತಿಯಾಗಿ ಸರಿಯಾಗಿದೆ ಎಂದು ಬರೆದು ಸಹಿ ಹಾಕಬೇಕು. ಸೀಲು ಜಾಸ್ತಿ ಇದ್ದಷ್ಟು ಬಲ ಎನ್ನುವುದು ನಮ್ಮ ಅಭ್ಯಾಸ, ಅಲ್ಲಿ ಒಳಗಿನ ವಿವರಕ್ಕೇ ತೂಕ.

ದಿನಾಂಕಗಳ ವಿಷಯದಲ್ಲೂ ಹಾಗೆಯೇ. ನಮ್ಮವರಿಗೆ ತಾರೀಕು ನೆನಪಿರುವುದಿಲ್ಲ, ಆಟಿ ತಿಂಗಳಲ್ಲಿ ಆಯಿತು, ಉಡುಪಿ ಮಠದ ಪರ್ಯಾಯ ಉತ್ಸವ ಕಳೆದು ಒಂದು ವಾರಕ್ಕೆ ಆಯಿತು ಎನ್ನುತ್ತಾರೆ. ಲಾಯರು ಒತ್ತಾಯಿಸಿದರು ಎಂದು ಸುಮ್ನೆ ಒಂದು ತಾರೀಕು ಹೇಳಿಬಿಡುವುದು ಬೇಡ. ಅರ್ಜಿಯಲ್ಲಿ ಒಂದು, ಇಂಟರ್‌ವ್ಯೂನಲ್ಲಿ ಇನ್ನೊಂದು ಬಂದರೆ ಮುಗಿಯಿತು. ನೆನಪಿರುವ ಹಾಗೆಯೇ ಹೇಳಿ. ಉಡುಪಿಯ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ, 2022, 2024 ಹೀಗೆ. ಅಷ್ಟು ಸಿಕ್ಕಿದರೆ ಉಳಿದದ್ದನ್ನು ಆಸ್ಪತ್ರೆ ಚೀಟಿ ನೋಡಿ ಹೊಂದಿಸಬಹುದು.

ಭಾಷೆಯೂ ಮುಖ್ಯ. ಮನೆಯಲ್ಲಿ ತುಳು ಅಥವಾ ಬ್ಯಾರಿ ಮಾತಾಡುವವನು "ಹಿಂದಿ ನಡೀತದೆ" ಎಂದು ಒಪ್ಪಿಕೊಂಡು, ಇಂಟರ್‌ವ್ಯೂ ದಿನ ತಡವರಿಸಿದರೆ ಅದು ಸುಳ್ಳಿನ ಹಾಗೆ ಕಾಣಿಸುತ್ತದೆ. ಯಾವ ಭಾಷೆ ಸಲೀಸು ಎಂದು ಲಾಯರಿಗೆ ಮೊದಲೇ ಹೇಳಬೇಕು. ಅಮೆರಿಕದ ಅಸೈಲಂ ಆಫೀಸಿನ ಇಂಟರ್‌ವ್ಯೂಗೆ ದುಭಾಷಿಯನ್ನು ಅರ್ಜಿದಾರನೇ ಕರೆದುಕೊಂಡು ಹೋಗಬೇಕು, ಅವನ ಲಾಯರು ಆ ಕೆಲಸ ಮಾಡುವಂತಿಲ್ಲ.

ಲಾಯರನ್ನು ಹುಡುಕುವಾಗ ಹೆಸರು ರಿಜಿಸ್ಟರಿನಲ್ಲಿದೆಯೇ ನೋಡಿ. ಅಮೆರಿಕದಲ್ಲಿ ಆಯಾ ರಾಜ್ಯದ ಬಾರ್ (ವಕೀಲರ ಸಂಸ್ಥೆ), ಕೆನಡಾದಲ್ಲಿ ಪ್ರಾಂತ್ಯದ ಲಾ ಸೊಸೈಟಿ, ಇಂಗ್ಲೆಂಡಿನಲ್ಲಿ ಸಾಲಿಸಿಟರ್‌ಗಳ ಪಟ್ಟಿ ಇಲ್ಲವೇ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯ ಪಟ್ಟಿ, ಎಲ್ಲವೂ ಆನ್‌ಲೈನಿನಲ್ಲಿವೆ. ದುಡ್ಡಿಲ್ಲದಿದ್ದರೆ ಇಂಗ್ಲೆಂಡಿನಲ್ಲಿ, ಕೆನಡಾದ ಒಂಟಾರಿಯೊದಂಥ ಪ್ರಾಂತ್ಯಗಳಲ್ಲಿ ಲೀಗಲ್ ಏಡ್, ಅಂದರೆ ಸರ್ಕಾರಿ ಖರ್ಚಿನ ಕಾನೂನು ನೆರವು, ಇದೆ. ಅಮೆರಿಕದಲ್ಲಿ ಸರ್ಕಾರ ಲಾಯರನ್ನು ಕೊಡುವುದಿಲ್ಲ, ಆದರೆ ಇಮಿಗ್ರೇಷನ್ ಕೋರ್ಟಿನಲ್ಲಿ ಉಚಿತವಾಗಿ ಕೇಸು ನಡೆಸುವವರ ಪಟ್ಟಿ ಸಿಗುತ್ತದೆ. "ಕಥೆ ನಾವೇ ಬರೆದುಕೊಡ್ತೇವೆ, ನೀವು ಸಹಿ ಹಾಕಿ" ಎನ್ನುವವರಿಂದ ದೂರ ಇರಿ. ಒಳ್ಳೆಯ ಲಾಯರು ಒಂದೇ ಘಟನೆಯನ್ನು ನಾಲ್ಕು ಸಲ ಕೇಳುತ್ತಾರೆ. ಮಗ ಫೋನಿನಲ್ಲಿ "ನನ್ನ ಲಾಯರೇ ನನ್ನನ್ನು ನಂಬುವುದಿಲ್ಲಮ್ಮ" ಎಂದು ಅತ್ತರೆ ಸಮಾಧಾನ ಮಾಡಿ, ಲಾಯರನ್ನು ಬದಲಾಯಿಸಲು ಹೇಳಬೇಡಿ.

ಅಮೆರಿಕದಲ್ಲಿ ಗಡುವೂ ಇದೆ, ಕಾಲಿಟ್ಟ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಪರಿಸ್ಥಿತಿ ಬದಲಾಗಿದ್ದರೆ, ಅಥವಾ ವಿಶೇಷ ಕಾರಣಗಳಿದ್ದರೆ ಮಾತ್ರ ವಿನಾಯಿತಿ. ವೀಸಾ ಮುಗಿಯುವವರೆಗೆ ಕಾಯೋಣ ಎಂದು ಕೂತರೆ ಆ ವರ್ಷ ಕಳೆದೇ ಹೋಗಬಹುದು.

ಮನೆಯವರಿಗೆ ಇನ್ನೊಂದು ಮಾತು. ಅಸೈಲಂ ಅರ್ಜಿಯ ವಿವರವನ್ನು ಅಮೆರಿಕದವರು ಅರ್ಜಿದಾರನ ಒಪ್ಪಿಗೆ ಇಲ್ಲದೆ ಸಾಮಾನ್ಯವಾಗಿ ನಮ್ಮ ಸರ್ಕಾರಕ್ಕೆ ಕೊಡುವುದಿಲ್ಲ. ಗುಟ್ಟು ಬಿಟ್ಟುಹೋಗುವುದು ಹೆಚ್ಚಾಗಿ ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿನಿಂದ, ಅಲ್ಲಿ ಏನೂ ಹಾಕಬೇಡಿ. ಅಜ್ಜ ತೀರಿಕೊಂಡರು, ಉತ್ತರಕ್ರಿಯೆಗೆ ಬಂದು ಹೋಗು ಎಂದು ಕರೆಯುವ ಮುಂಚೆ ಅವನ ಲಾಯರನ್ನು ಕೇಳಿ. ಭಯ ಎಂದು ಹೇಳಿ ಬಿಟ್ಟುಹೋದ ದೇಶಕ್ಕೆ ತಾನಾಗಿ ಬಂದು ಹೋದರೆ, ಅಥವಾ ಅದರ ಪಾಸ್‌ಪೋರ್ಟನ್ನೇ ನವೀಕರಿಸಿಕೊಂಡರೆ, ಭಯ ಎಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ಆಶ್ರಯ ಸಿಕ್ಕಿದ ಮೇಲೂ ಇದೇ ಕಾರಣಕ್ಕೆ ಅದನ್ನು ಹಿಂದಕ್ಕೆ ಪಡೆಯಬಹುದು.