ಪ್ಲೇಟಿಗೆ ಬರ್ನರ್ ಹಿಡಿಯುವ ಮುನ್ನ

ಕಾರ್ಬನ್, ಮ್ಯಾಂಗನೀಸ್ ಎಲ್ಲ ಒಂದೇ ಇರುವ ಎರಡು ಉಕ್ಕಿನ ಪ್ಲೇಟುಗಳಲ್ಲಿ ಒಂದು ಮೈನಸ್ 20 ಡಿಗ್ರಿಯಲ್ಲೂ ಏಟು ತಾಳುತ್ತದೆ, ಇನ್ನೊಂದು ಸೊನ್ನೆ ಡಿಗ್ರಿಯಲ್ಲೇ ಚಟ್ಟನೆ ಮುರಿಯಬಹುದು. ಮಿಲ್ಲಿನಲ್ಲಿ ಕೊನೆಯ ಪಾಸುಗಳು (ಉಕ್ಕನ್ನು ರೋಲುಗಳ ನಡುವೆ ಹಾಯಿಸುವುದು) ಎಷ್ಟು ಬಿಸಿಯಲ್ಲಿ ನಡೆದವು, ಆಮೇಲೆ ಉಕ್ಕು ಎಷ್ಟು ಬೇಗ ತಣಿಯಿತು ಎಂಬುದೇ ಇದಕ್ಕೆ ಮುಖ್ಯ ಕಾರಣ.

ಪ್ಲೇಟಾಗುವ ದಪ್ಪ ಉಕ್ಕಿನ ಗಟ್ಟಿ, ಅಂದರೆ ಸ್ಲ್ಯಾಬನ್ನು 1150ರಿಂದ 1250 ಡಿಗ್ರಿವರೆಗೆ ಕಾಯಿಸಿದಾಗ ಆಸ್ಟೆನೈಟ್ (ಹೆಚ್ಚು ಬಿಸಿಯಲ್ಲಿ ಉಕ್ಕು ತಾಳುವ ರೂಪ) ಹರಳುಗಳು ದಪ್ಪಗೆ ಬೆಳೆದಿರುತ್ತವೆ. 1000 ಡಿಗ್ರಿಗಿಂತ ಮೇಲೆ ರೋಲ್ ಒತ್ತಿದಾಗ ಸಣ್ಣ ಹರಳುಗಳು ಹೊಸದಾಗಿ ಹುಟ್ಟುತ್ತವೆ, ಆದರೆ ಆ ಬಿಸಿಗೆ ಮುಂದಿನ ಪಾಸಿನೊಳಗೆ ಮತ್ತೆ ಬೆಳೆಯತೊಡಗುತ್ತವೆ. ನಯೋಬಿಯಂ ಲೋಹ ಬೆರೆಸುವುದು ಇದಕ್ಕಾಗಿಯೇ, ಶೇ. 0.03ರಷ್ಟಿದ್ದರೂ ಸಾಕು. ಸುಮಾರು 950 ಡಿಗ್ರಿಗಿಂತ ಕೆಳಗೆ ಅದು ಕಾರ್ಬನ್, ನೈಟ್ರೋಜನ್ ಜೊತೆ ಸೇರಿ ಆದ ಕಾರ್ಬೊನೈಟ್ರೈಡ್ ಕಣಗಳು ಹೊಸ ಹರಳು ಹುಟ್ಟದಂತೆ ತಡೆಯುತ್ತವೆ. ಹಳೆಯ ಹರಳುಗಳು ಚಪ್ಪಟೆಯಾಗಿಯೇ ಉಳಿಯುತ್ತವೆ. ತಣಿಯುವಾಗ ಅವುಗಳ ಅಂಚಿನುದ್ದಕ್ಕೂ, ಒಳಗೂ ಫೆರೈಟ್ (ತಣಿದ ಉಕ್ಕಿನ ಮೆತ್ತನೆಯ ರೂಪ) ಮೊಳೆಯುವುದರಿಂದ 5ರಿಂದ 10 ಮೈಕ್ರಾನಿನ ಸಣ್ಣ ಹರಳು ಸಿಗುತ್ತದೆ. ಕಾರ್ಬನ್ ಹೆಚ್ಚಿಸಿದರೆ ಬಲ ಬರುತ್ತದೆ, ಟಫ್‌ನೆಸ್ (ಮುರಿಯದೆ ಏಟು ತಾಳುವ ಗುಣ) ಹೋಗುತ್ತದೆ. ಹರಳು ಸಣ್ಣದಾದರೆ ಎರಡೂ ಏರುತ್ತವೆ.

ಇದಕ್ಕೆ ತೆರಬೇಕಾದ ಬೆಲೆ ಸಮಯ. ಪ್ಲೇಟು ಅಷ್ಟು ತಣಿಯುವ ತನಕ ರೋಲರ್ ಟೇಬಲ್ ಮೇಲೆ ಸುಮ್ಮನೆ ಕಾಯಬೇಕು. ಹೆಚ್ಚು ಟನ್ ಉತ್ಪಾದಿಸುವ ಒತ್ತಡಕ್ಕೆ ಸಿಕ್ಕಿ ಮೊದಲೇ ಫಿನಿಶಿಂಗ್ (ಕೊನೆಯ) ಪಾಸು ಶುರು ಮಾಡಿದರೆ ದಪ್ಪ ಹರಳು, ಸಣ್ಣ ಹರಳು ಬೆರೆತ ಉಕ್ಕು ಬರುತ್ತದೆ. ಎಳೆದು ನೋಡುವ ಟೆನ್ಸೈಲ್ ಪರೀಕ್ಷೆಯಲ್ಲಿ ಅದು ಪಾಸಾಗಿಬಿಡುತ್ತದೆ. ಗುಟ್ಟು ಹೊರಬೀಳುವುದು ಚಾರ್ಪಿ ಪರೀಕ್ಷೆಯಲ್ಲಿ; ಅದರಲ್ಲಿ ಕಚ್ಚು ಹಾಕಿದ ತುಂಡನ್ನು ಲೋಲಕದ ಒಂದೇ ಏಟಿಗೆ ಮುರಿದು, ಅದು ಹೀರಿದ ಶಕ್ತಿಯನ್ನು ಅಳೆಯುತ್ತಾರೆ.

ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಆಗುವ ಅನಾಹುತವೇ ಬೇರೆ. ಟೆಸ್ಟ್ ಸರ್ಟಿಫಿಕೇಟಿನಲ್ಲಿ ಸರಬರಾಜು ಸ್ಥಿತಿ ‘ಟಿಎಂ’ ಎಂದಿದ್ದರೆ ಅದು ಥರ್ಮೋಮೆಕ್ಯಾನಿಕಲ್ ರೋಲಿಂಗಿನ, ಅಂದರೆ ಮೇಲೆ ಹೇಳಿದಂತೆ ಬಿಸಿ ನೋಡಿಕೊಂಡು ರೋಲ್ ಮಾಡಿದ ಪ್ಲೇಟು. ಟ್ಯಾಂಕಿನ ಬಟ್ಟಲಾಕಾರದ ತುದಿ (ಡಿಶ್ ಎಂಡ್) ಮಾಡಲು ಅದನ್ನು 900 ಡಿಗ್ರಿಗೆ ಕಾಯಿಸಿದರೆ ಮಿಲ್ಲಿನಲ್ಲಿ ಗಳಿಸಿದ್ದೆಲ್ಲ ಅಳಿಸಿಹೋಗುತ್ತದೆ, ಯೀಲ್ಡ್ ಬಲ (ಶಾಶ್ವತವಾಗಿ ಬಾಗುವ ಮೊದಲು ತಾಳುವ ಬಲ) ಕುಸಿಯುತ್ತದೆ. ಆಮೇಲೆ ನಾರ್ಮಲೈಸ್ (ಕಾಯಿಸಿ ಗಾಳಿಯಲ್ಲಿ ಆರಿಸುವುದು) ಮಾಡಿದರೂ ಅದು ಮರಳಿ ಬರುವುದಿಲ್ಲ. ಬಿಸಿಯಲ್ಲಿ ಬಗ್ಗಿಸುವ ಕೆಲಸವಿದ್ದರೆ ನಾರ್ಮಲೈಸ್ ಆದ ‘ಎನ್’ ಪ್ಲೇಟನ್ನೇ ತರಿಸಿ. ಅದು ಕೆಟ್ಟರೂ ಸುಮಾರು 900 ಡಿಗ್ರಿಯಲ್ಲಿ ಒಳಭಾಗದವರೆಗೂ ಕಾಯಿಸಿ, ನಿಶ್ಚಲ ಗಾಳಿಯಲ್ಲಿ ಆರಿಸಿ ಸರಿಪಡಿಸಬಹುದು. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿ ಆರಿಸಬೇಡಿ. ನಡುವಿನದು ನಿಧಾನವಾಗಿ ತಣಿದು ಹರಳು ದಪ್ಪವಾಗುತ್ತದೆ.

ಚಾರ್ಪಿ ತುಂಡನ್ನು ಯಾವ ದಿಕ್ಕಿನಲ್ಲಿ ಕತ್ತರಿಸಿದರು ಎಂದೂ ಕೇಳಿ. ಉಕ್ಕಿನಲ್ಲಿರುವ ಗಂಧಕದಿಂದಾದ ಮ್ಯಾಂಗನೀಸ್ ಸಲ್ಫೈಡ್ ರೋಲಿಂಗ್ ದಿಕ್ಕಿನಲ್ಲಿ ಎಳೆಎಳೆಯಾಗಿ ಹಿಗ್ಗಿರುತ್ತದೆ. ಹಾಗಾಗಿ ಗಂಧಕ ಹೆಚ್ಚಿರುವ ಉಕ್ಕಿನಲ್ಲಿ ಉದ್ದುದ್ದಕ್ಕೆ ತೆಗೆದ ತುಂಡು ಚೆನ್ನಾಗಿ ತಾಳುತ್ತದೆ, ಅಡ್ಡಕ್ಕೆ ತೆಗೆದದ್ದು ಅದರ ಅರ್ಧವೂ ತಾಳದೆ ಹೋಗಬಹುದು.

ಭಾರತೀಯ ಉಕ್ಕಿನ ಮಾನದಂಡ ಐಎಸ್ 2062ರ ಇ250 ದರ್ಜೆಯಲ್ಲಿ ಚಾರ್ಪಿ ಪರೀಕ್ಷೆ ಬೇಕಾದ ಉಪದರ್ಜೆಗಳಿಗೆ ಮೂರು ತುಂಡುಗಳ ಸರಾಸರಿ ಕನಿಷ್ಠ 27 ಜೂಲ್ ಬೇಕು. ಯಾವುದೇ ಒಂದು ಅದರ ಶೇ. 70ಕ್ಕಿಂತ ಕೆಳಗಿಳಿಯಬಾರದು. 110, 95, 14 ಎಂದು ಬಂದರೆ ಸರಾಸರಿ 73, ಆದರೂ ಫೇಲ್. ಆಗ ಮೊದಲು ನಾಚ್ (ತುಂಡಿಗೆ ಹಾಕಿದ ಕಚ್ಚು) ನೋಡಿ: ಆಳ 2 ಮಿ.ಮೀ., ಬುಡದ ತ್ರಿಜ್ಯ 0.25 ಮಿ.ಮೀ. ಇದೆಯೇ, ಕಟರ್ ಗೀರು ಬಿದ್ದಿದೆಯೇ? ಅದು ಸರಿಯಿದ್ದರೆ ಮುರಿದ ತುಂಡನ್ನೇ ಪಾಲಿಶ್ ಮಾಡಿ, ಶೇ. 2ರ ನೈಟಾಲ್ (ಆಲ್ಕೋಹಾಲಿನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ) ಹಚ್ಚಿ, ಸೂಕ್ಷ್ಮದರ್ಶಕದಡಿ ಹರಳುಗಳನ್ನು ನೋಡಿ.