ಕಾಯಿ ಹಿಟ್ಟಿಗೆ ಮುದ್ದೆ ಪರೀಕ್ಷೆ

ಮಂಡ್ಯದ ಯಾವ ಅಡುಗೆಮನೆಯಲ್ಲಾದರೂ ಮಾಡಿ ನೋಡಬಹುದಾದ ಒಂದು ಪ್ರಯೋಗವಿದೆ. ಕುದಿಯುವ ನೀರಿಗೆ ರಾಗಿ ಹಿಟ್ಟು ಹಾಕಿ, ಬೇಯಲು ಬಿಟ್ಟು, ಕೋಲಿನಲ್ಲಿ ಚೆನ್ನಾಗಿ ತೊಳಸಿದರೆ ಮುದ್ದೆಯಾಗುತ್ತದೆ. ಅದೇ ಕುದಿಯುವ ನೀರಿಗೆ ತೆಂಗಿನಕಾಯಿ ಹಿಟ್ಟು ಹಾಕಿ ನೋಡಿ. ನೀರನ್ನೆಲ್ಲ ಕುಡಿದು ಉಬ್ಬುತ್ತದೆ. ಆದರೆ ಎಷ್ಟು ತೊಳಸಿದರೂ ಮುದ್ದೆ ಕೂಡುವುದಿಲ್ಲ. ಅಂಗೈಯಲ್ಲಿ ಒತ್ತಿದಾಗ ಉಂಡೆಯಾದಂತೆ ಕಂಡರೂ ಬೆರಳಿಟ್ಟ ಕೂಡಲೇ ಉದುರುತ್ತದೆ.

ಬೇಕಿಂಗ್‌ನಲ್ಲಿ ಕಾಯಿ ಹಿಟ್ಟು ಕೊಡುವ ತೊಂದರೆಗಳ ಮೂಲ ಇಲ್ಲೇ ಇದೆ. ಮೈಸೂರಿನ ಅಂಗಡಿಗಳಲ್ಲಿ ಈಗ ಇದರ ಪ್ಯಾಕೆಟ್ ಸಿಗುತ್ತದೆ. ಮೈದಾ ಬಿಡಬೇಕು ಅಂದುಕೊಂಡವರು, ಸಕ್ಕರೆ ಕಾಯಿಲೆ ಇರುವವರು, ಗೋಧಿ ಒಗ್ಗದವರು ಆಸೆಯಿಂದ ಕೊಳ್ಳುತ್ತಾರೆ. ಒಂದು ಕಪ್ ಮೈದಾ ಇದ್ದ ಜಾಗಕ್ಕೆ ಒಂದು ಕಪ್ ಕಾಯಿ ಹಿಟ್ಟು ಹಾಕುತ್ತಾರೆ. ಓವನ್‌ನಿಂದ ಹೊರಬರುವುದು ಗಂಟಲಲ್ಲಿ ಸಿಕ್ಕಿಕೊಳ್ಳುವ ಒಣ ಪುಡಿ. ಇದರಲ್ಲಿ ಮಾಡಿದವರ ತಪ್ಪೇನೂ ಇಲ್ಲ. ಅವರು ಹಾಕಿದ್ದು ಧಾನ್ಯದ ಹಿಟ್ಟನ್ನಲ್ಲ, ನಾರಿನ ಪುಡಿಯನ್ನು. ಅಷ್ಟು ಗೊತ್ತಿದ್ದರೆ ಉಳಿದ ಲೆಕ್ಕವೆಲ್ಲ ಬೇರೆಯಾಗುತ್ತದೆ.

ಒತ್ತುಶಾವಿಗೆಗೆ ಕಾಯಿಹಾಲು ಮಾಡುವಾಗ ತುರಿ ರುಬ್ಬಿ ಬಟ್ಟೆಯಲ್ಲಿ ಹಿಂಡುತ್ತೇವಲ್ಲ, ಆಗ ಬಟ್ಟೆಯಲ್ಲಿ ಉಳಿಯುವ ಹಿಪ್ಪೆಯೇ ಈ ಹಿಟ್ಟಿನ ಕಚ್ಚಾ ಮಾಲು. ಅದನ್ನು ಒಣಗಿಸಿ ನುಣ್ಣಗೆ ಪುಡಿ ಮಾಡಿದರೆ ಕಾಯಿ ಹಿಟ್ಟು. ಕಾರ್ಖಾನೆಗಳಲ್ಲಿ ಉಳಿದ ಎಣ್ಣೆಯನ್ನೂ ಬಹುಪಾಲು ಒತ್ತಿ ತೆಗೆದಿರುತ್ತಾರೆ. ಬೇಕರಿಯವರು ಬಳಸುವ ಒಣ ಕಾಯಿತುರಿ ಬೇರೆ. ಅದರಲ್ಲಿ ನೂರಕ್ಕೆ ಅರವತ್ತಕ್ಕಿಂತ ಜಾಸ್ತಿ ಕೊಬ್ಬೇ ಇರುತ್ತದೆ. ಕಾಯಿ ಹಿಟ್ಟಿನಲ್ಲಿ ಕೊಬ್ಬು ಸಾಮಾನ್ಯವಾಗಿ 10ರಿಂದ 15 ಭಾಗ, ನಾರು 40ರಿಂದ 60 ಭಾಗ. ಮೈದಾದಲ್ಲಿ ನಾರು 3 ಭಾಗದ ಆಸುಪಾಸು, ಪಿಷ್ಟವೇ 70 ಭಾಗ. ಅಂದರೆ ಎರಡೂ ಬಿಳಿ ಪುಡಿ ಅನ್ನೋದು ಬಿಟ್ಟರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಈಗ ಮುದ್ದೆಗೆ ಬರೋಣ. ಹಿಟ್ಟು ಒಂದಾಗಿ ನಿಲ್ಲಬೇಕಾದರೆ ಏನಾದರೂ ಹಿಡಿದಿಡಬೇಕು. ಗೋಧಿಯಲ್ಲಿ ಆ ಕೆಲಸಕ್ಕೆ ಇಬ್ಬರಿದ್ದಾರೆ. ಒಂದು ಗ್ಲುಟೆನ್. ಗೋಧಿಯ ಗ್ಲುಟೆನಿನ್, ಗ್ಲೈಯಡಿನ್ ಎಂಬ ಪ್ರೋಟೀನ್‌ಗಳು ನೀರು ಸಿಕ್ಕಿ, ನಾದಿಸಿಕೊಂಡಾಗ ಒಂದಕ್ಕೊಂದು ಹೆಣೆದುಕೊಂಡು ಎಳೆದರೆ ಹಿಗ್ಗುವ ಜಾಲವಾಗುತ್ತವೆ. ಯೀಸ್ಟ್ ಅಥವಾ ಬೇಕಿಂಗ್ ಪೌಡರ್ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಈ ಜಾಲದಲ್ಲಿ ಸಿಕ್ಕಿಬಿದ್ದು ಬ್ರೆಡ್ಡನ್ನು ಉಬ್ಬಿಸುತ್ತದೆ. ಇನ್ನೊಂದು ಪಿಷ್ಟ. ನೀರಿನಲ್ಲಿ ಪಿಷ್ಟದ ಕಣಗಳು ಸುಮಾರು 60–70 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಉಬ್ಬಿ, ಒಡೆದು, ಅಂಟಾಗುತ್ತವೆ. ಆರಿದ ಮೇಲೆ ಗಟ್ಟಿಯಾಗುತ್ತವೆ.

ರಾಗಿಯಲ್ಲಿ ಗ್ಲುಟೆನ್ ಇಲ್ಲ. ಆದರೆ ಪಿಷ್ಟ ಧಾರಾಳವಾಗಿದೆ. ಅದಕ್ಕೇ ಮುದ್ದೆಗೆ ಕುದಿಯುವ ನೀರೇ ಬೇಕು, ತಣ್ಣೀರಲ್ಲಿ ಕಲಸಿದರೆ ಆಗುವುದಿಲ್ಲ. ಕಾಯಿ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ, ಪಿಷ್ಟವೂ ಇಲ್ಲ ಅನ್ನುವಷ್ಟು ಕಡಿಮೆ. ಪ್ರೋಟೀನ್ ಸಾಕಷ್ಟಿದ್ದರೂ ಹೆಚ್ಚಿನದು ಗ್ಲಾಬ್ಯುಲಿನ್, ಅಲ್ಬುಮಿನ್ ಜಾತಿಯದು. ಅವು ಗೋಧಿ ಪ್ರೋಟೀನಿನ ಹಾಗೆ ಜಾಲ ಹೆಣೆಯುವುದಿಲ್ಲ. ಹೀಗಾಗಿ ಬರೀ ಕಾಯಿ ಹಿಟ್ಟಿನ ಕೇಕಿಗೆ ಎಷ್ಟು ಬೇಕಿಂಗ್ ಪೌಡರ್ ಸುರಿದರೂ ಪ್ರಯೋಜನವಿಲ್ಲ. ಅನಿಲ ಹುಟ್ಟುತ್ತದೆ, ಹಿಡಿಯುವವರಿಲ್ಲದೆ ಹೊರಟುಹೋಗುತ್ತದೆ.

ಹಾಗಾದರೆ ಇಷ್ಟೊಂದು ನಾರು ಎಲ್ಲಿಂದ ಬಂತು? ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಹೊರಡುವ ಒಂದು ಬುರುಡೆ ಒಡೆಸಿಕೊಂಡು ಒಳಗಿನ ಗಂಜಿ ತಿನ್ನಿ. ನಾಲಿಗೆಯ ಮೇಲೆ ಜಾರಿ ಹೋಗುತ್ತದೆ. ಅದೇ ಕಾಯಿಯನ್ನು ಮರದಲ್ಲೇ ಬಲಿಯಲು ಬಿಟ್ಟರೆ ಹೋಳು ಮಾಡಲು ಚಾಕು ಬೇಕು. ಈ ನಡುವೆ ಆಗುವ ಬದಲಾವಣೆ ನನಗೆ ತೆಂಗಿನ ಬದುಕಿನಲ್ಲೇ ಬಹಳ ಸೊಗಸಾದ ಸಂಗತಿ ಅನ್ನಿಸುತ್ತದೆ. ಎಳೆಯ ತಿರುಳಿನ ಜೀವಕೋಶಗಳ ಗೋಡೆಯಲ್ಲಿ ಗ್ಯಾಲಕ್ಟೋಮ್ಯಾನನ್ ಎಂಬ ಸಕ್ಕರೆಯ ಸರಪಳಿ ಜಾಸ್ತಿ ಇರುತ್ತದೆ. ಆ ಸರಪಳಿಗೆ ಅಡ್ಡ ಕೊಂಬೆಗಳಿವೆ. ಕೊಂಬೆಗಳಿರುವುದರಿಂದ ಸರಪಳಿಗಳು ಒತ್ತೊತ್ತಾಗಿ ಕೂರಲಾರವು, ನಡುವೆ ನೀರು ನುಗ್ಗುತ್ತದೆ. ಹಾಗಾಗಿ ಲೋಳೆ. ಕಾಯಿ ಬಲಿತಂತೆ ಕೊಂಬೆಗಳು ಕಡಿಮೆಯಾಗುತ್ತವೆ. ನೆಟ್ಟಗಿನ ಮ್ಯಾನನ್ ಸರಪಳಿಗಳು ಒಂದರ ಪಕ್ಕ ಒಂದು ಬಿಗಿಯಾಗಿ ಕೂತು ನೀರಿನಲ್ಲಿ ಕರಗದ ಗಟ್ಟಿ ನಾರಾಗುತ್ತವೆ. ಜೊತೆಗೆ ಸೆಲ್ಯುಲೋಸ್ ಕೂಡ ಇದೆ. ಹಾಲು ಹಿಂಡಿದಾಗ ಎಣ್ಣೆ, ನೀರು, ಸ್ವಲ್ಪ ಪ್ರೋಟೀನ್ ಹೊರಗೆ ಹೋಗುತ್ತವೆ. ಈ ಗೋಡೆಗಳು ಬಟ್ಟೆಯಲ್ಲೇ ಉಳಿಯುತ್ತವೆ.

ಅಂದರೆ ಕಾಯಿ ಹಿಟ್ಟಿನ ಒಂದೊಂದು ಕಣವೂ ಖಾಲಿಯಾದ ಕೋಶಗಳ ಗುಂಪು. ಒಣಗಿದ ಸ್ಪಂಜಿನ ಹಾಗೆ. ನಾರು ಕರಗುವುದಿಲ್ಲ ನಿಜ, ಆದರೆ ಅದರ ಸಂದುಗಳಲ್ಲಿ ನೀರು ತುಂಬಿಕೊಳ್ಳುತ್ತದೆ.

ಎಷ್ಟು ನೀರು? ಹಿಟ್ಟಿನ ನೀರು ಹೀರುವ ಶಕ್ತಿಯನ್ನು ಅಳೆಯಲು ಫಾರಿನೋಗ್ರಾಫ್ ಎಂಬ ಯಂತ್ರವೇ ಇದೆ. ಹಿಟ್ಟನ್ನು ನಾದುತ್ತಾ, ಅದು ಎಷ್ಟು ಬಿಗಿಯಾಗಿದೆ ಎಂದು ಗೆರೆ ಎಳೆದು ತೋರಿಸುತ್ತದೆ. ಮೈಸೂರಿನ ಚೆಲುವಾಂಬ ಮ್ಯಾನ್ಶನ್‌ನಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐನಲ್ಲಿ ಹಿಟ್ಟು ಬೀಸುವ ತಂತ್ರಜ್ಞಾನ ಕಲಿಸುವ ಶಾಲೆಯೇ ಇದೆ. ಇಂಥ ಅಳತೆಗಳು ಆ ಓದಿನ ಅಡಿಪಾಯ. ನಮಗೆ ಅಡುಗೆಮನೆಯ ಲೆಕ್ಕ ಸಾಕು. ಚಪಾತಿ ಹದಕ್ಕೆ 100 ಗ್ರಾಂ ಗೋಧಿ ಹಿಟ್ಟಿಗೆ 60 ಮಿಲಿಗಿಂತ ಸ್ವಲ್ಪ ಜಾಸ್ತಿ ನೀರು ಸಾಕಾಗುತ್ತದೆ. ಕಾಯಿ ಹಿಟ್ಟಿನ ಪ್ಯಾನ್‌ಕೇಕಿಗೆ ಕಾಲು ಕಪ್ ಹಿಟ್ಟು, ಅಂದರೆ 30 ಗ್ರಾಂ ಇಟ್ಟುಕೊಳ್ಳಿ. ಅದಕ್ಕೆ ಎರಡು ಮೊಟ್ಟೆ, ಕಾಲು ಕಪ್ ಹಾಲು ಹಾಕುತ್ತಾರೆ. ಮೊಟ್ಟೆಯ ಮುಕ್ಕಾಲು ಭಾಗ ನೀರು. ಎರಡರಿಂದ ಸುಮಾರು 75 ಮಿಲಿ, ಹಾಲಿನಿಂದ 50 ಮಿಲಿ. ಒಟ್ಟು 125 ಮಿಲಿ. ಹಿಟ್ಟಿನ ತೂಕದ ನಾಲ್ಕು ಪಟ್ಟು! ಇಷ್ಟು ಕುಡಿಸಿಯೂ ಅದು ದೋಸೆ ಹಿಟ್ಟಿನಷ್ಟು ತೆಳ್ಳಗಾಗುವುದಿಲ್ಲ.

ಹಾಗಾಗಿ ಒಂದು ಕಪ್ ಮೈದಾ ಜಾಗಕ್ಕೆ ಕಾಲು ಕಪ್‌ನಿಂದ ಮೂರನೇ ಒಂದು ಕಪ್‌ವರೆಗೆ ಕಾಯಿ ಹಿಟ್ಟು ಅನ್ನುವುದು ರೂಢಿಯಾಗಿದೆ. ಸರಿಯಾದ ರೂಢಿಯೇ. ಆದರೆ ಹೀರುವುದಕ್ಕೆ ಸಮಯ ಬೇಕು ಅನ್ನೋದನ್ನು ಬಹಳ ಜನ ಮರೆಯುತ್ತಾರೆ. ಕಲಸಿದ ತಕ್ಷಣ ಹಿಟ್ಟು ನೀರಾಗಿ ಕಾಣುತ್ತದೆ. ಗಾಬರಿಯಾಗಿ ಇನ್ನೆರಡು ಚಮಚ ಹಾಕಿಬಿಡುತ್ತಾರೆ. ನೀರು ಕಣದ ಒಳಗಿನ ಸಂದುಗಳಿಗೆ ಇಳಿಯುವ ಹೊತ್ತಿಗೆ ಅದು ಸೌಟಿಗೂ ಬಗ್ಗದಷ್ಟು ಗಟ್ಟಿ. ಸುಮ್ನೆ ಹತ್ತು ನಿಮಿಷ ಬಿಡಿ, ಆಮೇಲೆ ಹದ ನೋಡಿ. ಬೇಕಿಂಗ್ ಪೌಡರನ್ನು ಆ ಹತ್ತು ನಿಮಿಷ ಆದ ಮೇಲೆ ಸೇರಿಸಿದರೆ ಅನಿಲವೂ ವ್ಯರ್ಥವಾಗುವುದಿಲ್ಲ.

ಮೊಟ್ಟೆ ಇಲ್ಲಿ ನೀರಿಗಷ್ಟೇ ಅಲ್ಲ. ಗ್ಲುಟೆನ್ ಮಾಡುವ ಕೆಲಸವನ್ನು ಅದು ವಹಿಸಿಕೊಳ್ಳುತ್ತದೆ. ಸುಮಾರು 60 ಡಿಗ್ರಿ ದಾಟಿದ ಮೇಲೆ ಅದರ ಪ್ರೋಟೀನ್‌ಗಳು ಬಿಚ್ಚಿ, ಒಂದಕ್ಕೊಂದು ಅಂಟಿ, ಗುಳ್ಳೆಗಳ ಸುತ್ತ ಗಟ್ಟಿಯಾಗುತ್ತವೆ. ನಿಜ ಹೇಳಬೇಕೆಂದರೆ ಕಾಯಿ ಹಿಟ್ಟಿನ ಕೇಕ್ ಅನ್ನುವುದು ನಾರು ಸೇರಿಸಿದ ಮೊಟ್ಟೆಯ ಕೇಕ್. ಮೊಟ್ಟೆ ತಿನ್ನದ ಮನೆಗಳು ಮೈಸೂರಿನಲ್ಲಿ ಬಹಳ ಇವೆ. ಅವರಿಗೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಇಸಬ್‌ಗೋಲ್ ಸ್ವಲ್ಪ ನೆರವಾಗುತ್ತದೆ. ನೆನೆದಾಗ ಅದು ಬಿಡುವ ಲೋಳೆ ಕಣಗಳನ್ನು ಹಿಡಿದಿಡುತ್ತದೆ. ಅಗಸೆ ಬೀಜದ ಪುಡಿಯೂ ಅದೇ ರೀತಿ. ಆದರೆ ಇವು ಮೊಟ್ಟೆಯಷ್ಟು ಗಟ್ಟಿಯಾಗುವುದಿಲ್ಲ, ಕೇಕಿನ ಒಳಗೆ ಒಂದಿಷ್ಟು ಹಸಿಹಸಿ ಉಳಿಯುತ್ತದೆ. ಮೊಟ್ಟೆ ಇಲ್ಲದೆ ಬರೀ ಕಾಯಿ ಹಿಟ್ಟಿನ ಕೇಕಿಗೆ ಹಟ ಹಿಡಿಯುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಅಂಥವರಿಗೆ ಒಳ್ಳೆಯ ದಾರಿ ಬೆರಕೆ. ಗೋಧಿ ಹಿಟ್ಟಿನ ತೂಕದಲ್ಲಿ 10 ಭಾಗದಷ್ಟು ತೆಗೆದು ಕಾಯಿ ಹಿಟ್ಟು ಹಾಕಿ, ನೀರು ಹೆಚ್ಚಿಸಿ. ಬ್ರೆಡ್ಡಿಗೆ ಅದಕ್ಕಿಂತ ಜಾಸ್ತಿ ಬೇಡ. ನಾರಿನ ಕಣಗಳು ಗ್ಲುಟೆನ್‌ಗೆ ಹೋಗಬೇಕಾದ ನೀರನ್ನು ಕಿತ್ತುಕೊಳ್ಳುತ್ತವೆ, ಗುಳ್ಳೆಗಳ ತೆಳು ಗೋಡೆಯನ್ನೂ ತೂತು ಮಾಡುತ್ತವೆ. ಬ್ರೆಡ್ ಕುಗ್ಗುತ್ತದೆ. ಬಿಸ್ಕತ್ತು, ನಾನ್‌ಖಟಾಯಿಗೆ 20 ಭಾಗದವರೆಗೂ ನಡೆಯುತ್ತದೆ, ಯಾಕೆಂದರೆ ಅಲ್ಲಿ ಗ್ಲುಟೆನ್ ಬೆಳೆಯುವುದೇ ಬೇಡ, ಪುಡಿಪುಡಿಯಾಗಿರುವುದೇ ಚೆಂದ. ಅಯ್ಯಂಗಾರ್ ಬೇಕರಿಯ ಕೊಬ್ಬರಿ ಬಿಸ್ಕತ್ತು ಒಡೆಯದೆ ನಿಲ್ಲುವುದೂ ಜೊತೆಗಿರುವ ಮೈದಾದಿಂದಲೇ. ಒಂದು ಎಚ್ಚರಿಕೆ: ಕಾಯಿ ಹಿಟ್ಟು ಬೇಗ ಕೆಂಪಾಗುತ್ತದೆ. ಓವನ್ ಬಿಸಿ ಹತ್ತಿಪ್ಪತ್ತು ಡಿಗ್ರಿ ಇಳಿಸಿ.

ಗ್ಲುಟೆನ್ ತಿಂದರೆ ಸಣ್ಣ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆ ಇರುವವರಿಗೆ ಗೋಧಿಯ ಬೆರಕೆ ಆಗದು. ಗೋಧಿಗೂ ಆ ಕಾಯಿಲೆಗೂ ಇರುವ ನಂಟನ್ನು ತೋರಿಸಿದವರು ನೆದರ್‌ಲೆಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆ. 1950ರ ಪ್ರಬಂಧದಲ್ಲಿ ಅವರು ಅದನ್ನು ವಿವರವಾಗಿ ಮಂಡಿಸಿದರು. ಈ ಕಾಯಿಲೆ ಇರುವವರಿಗೆ ರಾಗಿಯ ಜೊತೆ ಕಾಯಿ ಹಿಟ್ಟು ಬಹಳ ಚೆನ್ನಾಗಿ ಹೊಂದುತ್ತದೆ. ರಾಗಿ ಪಿಷ್ಟ ಕೊಡುತ್ತದೆ, ಕಾಯಿ ಹಿಟ್ಟು ತೇವ ಹಿಡಿದಿಡುತ್ತದೆ. ಆದರೆ ಬೀದಿಯ ಮಿಲ್‌ನಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ರಾಗಿಯನ್ನೂ ಬೀಸುತ್ತಾರೆ. ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ಸೀಲಿಯಾಕ್ ಇರುವ ಮಗುವಿಗೆ ತೊಂದರೆ ಕೊಡಲು ಸಾಕು. ಅವರ ರಾಗಿಯನ್ನು ಮನೆಯಲ್ಲೇ ಪುಡಿ ಮಾಡಿಕೊಳ್ಳುವುದು ಕ್ಷೇಮ.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಫಿಲಿಪ್ಪೀನ್ಸ್‌ನ ಆಹಾರ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ತಿನಿಸಿನಲ್ಲಿ ಕಾಯಿ ಹಿಟ್ಟಿನ ಪಾಲು ಹೆಚ್ಚಿದಂತೆ ಅದರ ಗ್ಲೈಸೀಮಿಕ್ ಸೂಚ್ಯಂಕ, ಅಂದರೆ ತಿಂದ ಮೇಲೆ ರಕ್ತದ ಸಕ್ಕರೆ ಎಷ್ಟು ಏರುತ್ತದೆ ಅನ್ನುವ ಅಳತೆ, ಇಳಿಯಿತು. ನಾರು ಹೆಚ್ಚು, ಪಿಷ್ಟ ಕಡಿಮೆ, ಹಾಗಾಗಿ ಇದು ಸಹಜ. ಆದರೆ ಕೇಕಿಗೆ ಸುರಿಯುವ ಸಕ್ಕರೆ ಹಾಗೇ ಇರುತ್ತದಲ್ವಾ? ಅಭ್ಯಾಸವಿಲ್ಲದವರು ಒಮ್ಮೆಗೇ ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸುವುದೂ ಇದೇ ನಾರಿನಿಂದ.

ಮನೆಯಲ್ಲಿ ಮಾಡುವುದಾದರೆ ಹಿಪ್ಪೆಯನ್ನು ತೆಳ್ಳಗೆ ಹರಡಿ, ಸಣ್ಣ ಬಿಸಿಯಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಕೊಬ್ಬರಿ ಎಣ್ಣೆ 24 ಡಿಗ್ರಿ ಹೊತ್ತಿಗೆಲ್ಲ ಕರಗುತ್ತದೆ, ಮಿಕ್ಸಿ ಬಿಸಿಯಾದರೆ ಪುಡಿಯ ಬದಲು ಮುದ್ದೆಗಟ್ಟುತ್ತದೆ. ಗಾಣದ ಕೊಬ್ಬರಿ ಹಿಂಡಿಯನ್ನು ಮಾತ್ರ ಇದರ ಬದಲು ಬಳಸಬೇಡಿ. ಅದು ದನಕ್ಕೆ ಹಾಕುವ ಮಾಲು. ಸರಿಯಾಗಿ ಒಣಗದ ಕೊಬ್ಬರಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿರಬಹುದು.

ಒಣಗಿಸಿದ್ದು ಸಾಲದಿದ್ದರೆ ಮನೆಯ ಹಿಟ್ಟೂ ಕೆಡುತ್ತದೆ. ತೆಂಗಿನ ಕೊಬ್ಬಿನಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ ಎಂಬ ಕೊಬ್ಬಿನ ಆಮ್ಲ. ತೇವ, ಬೂಷ್ಟು ಸೇರಿದರೆ ಅದು ಕೊಬ್ಬಿನಿಂದ ಬಿಡುಗಡೆಯಾಗಿ ಸೋಪಿನ ರುಚಿ ಬರುತ್ತದೆ. ಬಳಸುವ ಮೊದಲು ಚಿಟಿಕೆ ಹಿಟ್ಟು ನಾಲಿಗೆಗೆ ಹಾಕಿ ನೋಡಿ. ಸೋಪಿನ ರುಚಿ ಇದ್ದರೆ ಉಗಿದು, ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿ. ಲಾರಿಕ್ ಆಮ್ಲ ಕುದಿಯುವುದು 300 ಡಿಗ್ರಿ ಹತ್ತಿರ, ಓವನ್‌ನ 170 ಡಿಗ್ರಿಯಲ್ಲಿ ಅದು ಹೋಗುವುದಿಲ್ಲ.