ಫುಟ್‌ಪಾತ್ ಎತ್ತರಿಸಿದರೆ ಬೈಕು ನಿಲ್ಲುವುದಿಲ್ಲ

ಬೆಂಗಳೂರಿನ ಯಾವ ಬಡಾವಣೆಯ ಸಭೆಗೆ ಹೋದರೂ ಒಂದು ಬೇಡಿಕೆ ತಪ್ಪುವುದಿಲ್ಲ. "ಸರ್, ಫುಟ್‌ಪಾತ್ ಇನ್ನೂ ಒಂದಡಿ ಎತ್ತರ ಮಾಡಿಸಿಬಿಡಿ, ಬೈಕಿನವರು ಹತ್ತಬಾರದು." ರಸ್ತೆಗಳ ನಕ್ಷೆ ಬರೆಯುವುದೇ ನನ್ನ ಕೆಲಸ. ಕೇಳುವವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಪ್ರತಿ ಸಲ ಬೇಡ ಅಂತಲೇ ಹೇಳುತ್ತೇನೆ.

ಸಂಜೆ ಆರಕ್ಕೆ ನಿಮ್ಮ ಬೀದಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಬೈಕು ಅಂಚುಕಲ್ಲು ಹಾರಿ ಬರುವುದಿಲ್ಲ. ಯಾರದೋ ಗೇಟಿನೆದುರು ಕಾರಿಗೆಂದು ಮಾಡಿದ ಇಳಿಜಾರಿನಲ್ಲಿ ಸಲೀಸಾಗಿ ಏರಿ, ಮುಂದೆಲ್ಲೋ ಅಂಥದೇ ಇಳಿಜಾರಿನಲ್ಲಿ ಇಳಿದುಹೋಗುತ್ತದೆ. ಅಂಚು ಎರಡಡಿ ಇದ್ದರೂ ಅದಕ್ಕೆ ಲೆಕ್ಕವಿಲ್ಲ. ಎತ್ತರದ ಕಷ್ಟವೆಲ್ಲ ನಡೆಯುವವರಿಗೆ.

ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಫುಟ್‌ಪಾತಿನ ಎತ್ತರ 150 ಮಿ.ಮೀ. ಮೀರಬಾರದು, ಅಂದರೆ ಅರ್ಧ ಅಡಿ. ಗಾಲಿಕುರ್ಚಿಯ ಇಳಿಜಾರು ಒಂದಕ್ಕೆ ಹನ್ನೆರಡು, ಅಂದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಗೇಟಿನ ಬಳಿ ಅರ್ಧ ಅಡಿ ಇಳಿಯಲು ಆರಡಿ ಉದ್ದ ಸಾಕು. ನೀವು ಕೇಳಿದಂತೆ ಇನ್ನೊಂದಡಿ ಏರಿಸಿ ಒಂದೂವರೆ ಅಡಿ ಮಾಡಿದರೆ ಹದಿನೆಂಟು ಅಡಿ ಬೇಕು. ಗೇಟಿನ ಈಚೆಗೊಂದು, ಆಚೆಗೊಂದು, ಒಟ್ಟು ಮೂವತ್ತಾರು. ನಿಮ್ಮ 30-40 ಸೈಟಿನ ಮುಖವೇ ಮೂವತ್ತಡಿ! ಹಾಗಾಗಿ ಗುತ್ತಿಗೆದಾರ ಇಳಿಜಾರಿನ ಗೊಡವೆಗೇ ಹೋಗದೆ ಪ್ರತಿ ಗೇಟಿನ ಬಳಿ ಫುಟ್‌ಪಾತನ್ನು ಕಡಿದುಬಿಡುತ್ತಾನೆ.

ಅಂಥದೊಂದು ಬೀದಿಗೆ ಅಳತೆಗೆ ಹೋಗಿದ್ದೆ. ಹಾಲಿನ ಚೀಲ ಹಿಡಿದ ಒಬ್ಬರು ಅಜ್ಜಿ ಎಡಗೈ ಕಾಂಪೌಂಡಿಗೆ ಕೊಟ್ಟು, ಚೀಲ ಮೊಣಕೈಗೆ ಸಿಕ್ಕಿಸಿ, ಬಲ ಮಂಡಿಯ ಮೇಲೆ ಅಂಗೈ ಊರಿ ಹತ್ತುತ್ತಿದ್ದರು. ಮೂರು ಗೇಟು ದಾಟಿದರು. ನಾಲ್ಕನೆಯದರಲ್ಲಿ ಇಳಿದವರು ಮತ್ತೆ ಹತ್ತಲಿಲ್ಲ, ರಸ್ತೆಯಲ್ಲೇ ನಡೆದರು. "ಅಜ್ಜಿ, ಹಿಂದೆ ಬಸ್ಸು ಬರ್ತಿದೆ" ಅಂದೆ. "ಬಸ್ಸಿನವನು ನನ್ನ ನೋಡಿ ನಿಧಾನ ಮಾಡ್ತಾನಪ್ಪ, ಈ ಕಲ್ಲು ಮಾಡುತ್ತಾ?" ಅಂದರು.

ಗೇಟಿನ ಮುಂದೆ ಫುಟ್‌ಪಾತ್ ಇಳಿಯಬಾರದು, ಕಾರು ಹತ್ತಬೇಕು. ಈ ಒಂದು ಮಾತು ಎಷ್ಟು ಸಲ ಹೇಳಿದರೂ ಸಾಲದು. ಅರ್ಧ ಅಡಿ ಎತ್ತರವನ್ನು ಕಾರು ಅಂಚಿನ ಎರಡು-ಮೂರು ಅಡಿ ಜಾಗದಲ್ಲೇ ಏರುತ್ತದೆ. ಗಿಡ, ದೀಪದ ಕಂಬ ನಿಲ್ಲುವ ಪಟ್ಟಿ ಅದು. ಅದರಾಚೆ ನಡೆಯುವ ಜಾಗ, ಕನಿಷ್ಠ 1.8 ಮೀಟರ್, ಗೇಟಿನಿಂದ ಗೇಟಿಗೆ ಒಂದೇ ಮಟ್ಟದಲ್ಲಿ ಸಾಗಲಿ.

ಹಾಗಾದರೆ ಬೈಕು? ಫುಟ್‌ಪಾತಿಗೆ ಅಡ್ಡಲಾಗಿ ಗಿಡ್ಡ ಕಂಬಗಳನ್ನು ನೆಟ್ಟರೆ ಸ್ವಲ್ಪ ಕಡಿಮೆಯಾದೀತು, ಪೂರ್ತಿ ನಿಲ್ಲದು. ಗಾಲಿಕುರ್ಚಿಗೆ ಕಂಬಗಳ ನಡುವೆ 900 ಮಿ.ಮೀ. ಆದರೂ ಬಿಡಲೇಬೇಕು, ಅಷ್ಟರಲ್ಲಿ ಸ್ಕೂಟರೂ ನುಸುಳುತ್ತದೆ. ಅದಕ್ಕೆ ಪೊಲೀಸರ ದಂಡವೇ ಬೇಕು, ಕಲ್ಲು ಆ ಕೆಲಸ ಮಾಡದು.

ಒಂದು ಎಚ್ಚರಿಕೆ. ನಮ್ಮಲ್ಲಿ ಬಹಳಷ್ಟು ಫುಟ್‌ಪಾತು ಚರಂಡಿಯ ಮೇಲಿನ ಚಪ್ಪಡಿಯೇ. ತಗ್ಗಿನ ಬೀದಿಗಳಲ್ಲಿ ಚರಂಡಿಯ ಮಟ್ಟ ಅಳೆಯದೆ ಎತ್ತರ ಇಳಿಸಿದರೆ ಮಳೆನೀರು ಮನೆಗೇ ನುಗ್ಗೀತು. ಅಂಚುಕಲ್ಲು ಕೂರಿಸುವ ಮೊದಲೇ ಎಂಜಿನಿಯರನ್ನು ಕರೆದು, ನಿಮ್ಮ ಗೇಟಿನ ಮುಂದೆ ಟೇಪು ಹಿಡಿಸಿ ನೋಡಿ. ಕಾಂಕ್ರೀಟು ಬಿದ್ದ ಮೇಲೆ ಕರೆದರೆ ಒಡೆಸಲು ಯಾರೂ ಒಪ್ಪುವುದಿಲ್ಲ.